ವಾಪಸ್ ಬಂದ ಚೀಲ

"ಈ ಚೀಲದ ಬಗ್ಗೆ ಮಾತಾಡೋಣ್ವಾ?" ಎಂದರು ತಂಗಮ್ಮ ಮೇಡಂ.

ರೂಪಶ್ರೀಗೆ ಮೈಯೆಲ್ಲ ಉರಿದುಹೋಯಿತು. ಇದು ಎಂಟನೇ ಗುರುವಾರ. ಹೇಳಬೇಕಾದ್ದನ್ನು ಹೇಳಹೊರಟಾಗಲೆಲ್ಲ ಅವಳ ಗಂಟಲು ಕಟ್ಟಿಕೊಳ್ಳುತ್ತಿತ್ತು. ಗಂಟಲಿನ ಡಾಕ್ಟರು ಏನೂ ಇಲ್ಲವೆಂದು ಕೈಚೆಲ್ಲಿದ ಮೇಲೆ, ವಸ್ತಾರೆಯಿಂದ ಬಸ್ಸು ಹಿಡಿದು ಚಿಕ್ಕಮಗಳೂರಿನ ಈ ಮಹಡಿ ಕೋಣೆಗೆ ಬರುತ್ತಿದ್ದಳು. ಈ ಮನೋವಿಶ್ಲೇಷಕಿ ನೋಡಿದರೆ ಮುಕ್ಕಾಲು ಗಂಟೆ ಬಾಯಿ ಬಿಡುವುದಿಲ್ಲ; ಬಿಟ್ಟರೆ ಇಂಥದ್ದು!

"ಅದ್ರಲ್ಲೇನಿದೆ ಮೇಡಂ? ತೋಟದ ಕಿತ್ತಳೆ. ಬರಿಗೈಲಿ ಹೋಗ್ಬಾರ್ದು ಅಂತ ಅಮ್ಮ ಕಳಿಸ್ತಾರೆ. ನೀವು ತಗೊಳ್ಳಲ್ಲ."

"ಆಮೇಲೆ?"

"ಆಮೇಲೇನು? ಬಸ್‌ಸ್ಟ್ಯಾಂಡಲ್ಲಿ ಹೂ ಮಾರೋ ಕೃಷ್ಣಮ್ಮಂಗೆ ಕೊಡ್ತೀನಿ. ಮನೇಲಿ, ಮೇಡಂಗೆ ಭಾಳ ಇಷ್ಟ ಆಯ್ತು ಅಂತೀನಿ. ಅಮ್ಮ ಹಿಗ್ಗಿ ಮುಂದಿನ ವಾರ ಇನ್ನೂ ಜಾಸ್ತಿ ತುಂಬ್ತಾರೆ. ಹೊತ್ತೂ ಹೊತ್ತೂ ಭುಜ ಬಿದ್ದೋಗಿದೆ!"

"ತಗೊಳ್ಳಲ್ಲ ಅಂದ್ರೆ ಅಮ್ಮಂಗೆ ಏನಾಗುತ್ತೆ?"

ಗಂಟಲು ಕಟ್ಟಿತು. ಆರು ವರ್ಷದವಳಿದ್ದಾಗ ಒಂದು ಹಳದಿ ಫ್ರಾಕು ಬೇಡವೆಂದಿದ್ದಳು. ಅಮ್ಮ ಎರಡು ದಿನ ಊಟ ಬಿಟ್ಟಿದ್ದರು. ಆಮೇಲೆ ಅವಳು ಯಾವುದನ್ನೂ ಬೇಡವೆಂದಿರಲಿಲ್ಲ.

"ಊಟ ಬಿಡ್ತಾರೆ," ಎಂದಳು. ತನ್ನ ದನಿ ಆ ಫ್ರಾಕಿನ ಹುಡುಗಿಯ ದನಿಯಂತೆ ಕೇಳಿಸಿ ಇನ್ನಷ್ಟು ಸಿಟ್ಟು ಬಂತು.

ಬಸ್‌ಸ್ಟ್ಯಾಂಡಿನಲ್ಲಿ ಕೃಷ್ಣಮ್ಮ ಆಗಲೇ ಸೆರಗು ಒಡ್ಡಿದ್ದಳು.

"ಇವತ್ತಿಲ್ಲ ಕೃಷ್ಣಮ್ಮ. ಮನೆಗೆ ವಾಪಸ್."

"ಯಾಕವ್ವಾ? ಹುಳಿ ಅಂತ ನಾನೇನಾದ್ರೂ ಬಾಯಿ ಬಿಟ್ನಾ?"

ಚೀಲ ಅಡುಗೆಮನೆ ಕಟ್ಟೆಯ ಮೇಲೆ ಕುಳಿತಾಗ ಅಮ್ಮ ಸಿದ್ದಗಂಗಮ್ಮ ಸಾರಿಗೆ ಒಗ್ಗರಣೆ ಹಾಕುತ್ತಿದ್ದರು.

"ಮೇಡಂ ಇರ್ಲಿಲ್ವೇನೇ?"

"ಇದ್ರು. ಅವ್ರು ತಗೊಳ್ಳಲ್ಲಮ್ಮ. ಒಂದ್ ವಾರಾನೂ ತಗೊಂಡಿಲ್ಲ. ನಾನೇ ಸುಳ್ಳು ಹೇಳಿದ್ದು."

ಸಿದ್ದಗಂಗಮ್ಮ ಒಲೆ ಆರಿಸಿದರು. "ನಂಗೆ ಊಟ ಬೇಡ."

ತಪ್ಪಾಯ್ತಮ್ಮ ಎಂಬುದು ನಾಲಗೆ ತುದಿಗೇ ಬಂದಿತ್ತು. ರೂಪಶ್ರೀ ಒಂದು ತಟ್ಟೆ ತೆಗೆದುಕೊಂಡಳು. "ನಂಗೆ ಹಸಿವಾಗಿದೆ," ಎಂದು ಅನ್ನ ಬಡಿಸಿಕೊಂಡು ಕೂತಳು. ಮೊದಲ ತುತ್ತು ಇಳಿಯಲು ಹೊತ್ತು ಹಿಡಿಯಿತು. ಆಮೇಲೆ ಇಳಿಯಿತು.

ಅಮ್ಮ ಬೆನ್ನು ಹಾಕಿ ನಿಂತೇ ಇದ್ದರು. ಕೊನೆಗೆ ಚೀಲದಿಂದ ಒಂದು ಹಣ್ಣು ತೆಗೆದು, ಸಿಪ್ಪೆ ಸುಲಿದು, ಒಂದು ತೊಳೆ ಬಾಯಿಗೆ ಹಾಕಿಕೊಂಡರು. ಮುಖ ಕಿವುಚಿಕೊಂಡರು.

"ಎಂಥಾ ಹುಳಿ ಮಾರಾಯ್ತಿ! ಇದನ್ನ ಆ ಯಮ್ಮಂಗೆ ಎಂಟು ವಾರ ಕಳಿಸಿದ್ನಲ್ಲ!"

ರೂಪಶ್ರೀ ಊಟ ನಿಲ್ಲಿಸದೆ, ಎಡಗೈಯಿಂದ ಉಪ್ಪಿನ ಬಟ್ಟಲನ್ನು ಅಮ್ಮನ ಕಡೆಗೆ ಸರಿಸಿದಳು. ಸಿದ್ದಗಂಗಮ್ಮ ಇನ್ನೊಂದು ತೊಳೆ ಬಿಡಿಸಿ ಅದರಲ್ಲಿ ಅದ್ದಿದರು.