ಹೊಸ್ತಿಲ ಮೇಲಿನ ಲಾಟೀನು

ಮಾರ್ಲಿಸ್‌ಗೆ ಎಲ್ಲಕ್ಕಿಂತ ಇಷ್ಟವಾದ ದೆವ್ವದ ಸಿನಿಮಾ ಯಾವುದೆಂದು ಅಮೆರಿಕದ ಡಿಮೊಯ್ನ್‌ನ ಅವಳ ಬೀದಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ: ‘ಆಚೆ ದಡದ ಲಾಟೀನು.’ ಅದನ್ನು ಅವಳು ಒಂದೇ ಒಂದು ಸಲವೂ ನೋಡಿಲ್ಲ ಎಂಬುದೂ ಅವರಿಗೆಲ್ಲ ಗೊತ್ತು. ಸೆಪ್ಟೆಂಬರ್ ಬಂತೆಂದರೆ ಮೂಲೆಯ ಹಳೇ ಚಿತ್ರಮಂದಿರದವರು ಬಾಗಿಲಲ್ಲೊಂದು ಪೆಟ್ಟಿಗೆ ಇಡುತ್ತಾರೆ. ಅಕ್ಟೋಬರ್ ಕೊನೆಗೆ ಬರುವ ದೆವ್ವಗಳ ಹಬ್ಬ ಹ್ಯಾಲೊವೀನ್ ವಾರದಲ್ಲಿ ಯಾವ ಹೆದರಿಕೆ ಸಿನಿಮಾ ಹಾಕಬೇಕೆಂದು ಜನ ಚೀಟಿ ಬರೆದು ಹಾಕಬೇಕು. ಮಾರ್ಲಿಸ್‌ಳ ಚೀಟಿಯಲ್ಲಿ ಪ್ರತಿ ವರ್ಷವೂ ಅದೇ ಹೆಸರು. ಆ ಸಿನಿಮಾದ ಒಂದು ಪ್ರತಿಯೂ ಈಗ ಎಲ್ಲೂ ಉಳಿದಿಲ್ಲ ಎಂದು ಅವರು ಎಷ್ಟು ಸಲ ಹೇಳಿದರೂ ಕೇಳುವ ಜಾಯಮಾನ ಅವಳದಲ್ಲ.

ನೋಡದ ಸಿನಿಮಾ ಇಷ್ಟವಾಗುವುದು ಹೇಗೆ? ಕೇಳಿದ್ದಾಳಲ್ಲ! ನಲವತ್ತಾರು ವರ್ಷಗಳಿಂದ ಕೇಳುತ್ತಲೇ ಇದ್ದಾಳೆ.

ಆಗ ಅವಳಿಗೆ ಇಪ್ಪತ್ತಮೂರು, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ. ದೆವ್ವದ ಸಿನಿಮಾ ಅಂದರೆ ಊಟ ನಿದ್ದೆ ಬಿಡುವ ಹುಡುಗಿ. ಆ ಅಕ್ಟೋಬರ್‌ನಲ್ಲಿ ಟಿವಿಯಲ್ಲಿ ‘ಆಚೆ ದಡದ ಲಾಟೀನು’ ಬರುವ ಸಂಜೆಯೇ ಅವಳಿಗೆ ಪಾಳಿ ಬಿತ್ತು. ಬದಲಾಯಿಸಿಕೊಡಿ ಎಂದು ಗೋಗರೆದಳು, ಮೇಲಿನವಳು ಜಪ್ಪಯ್ಯ ಅನ್ನಲಿಲ್ಲ. ಸಿನಿಮಾ ಹಿಡಿದಿಟ್ಟುಕೊಳ್ಳುವ ಯಂತ್ರವನ್ನು ಆಗಿನ್ನೂ ಆ ಬೀದಿಯಲ್ಲಿ ಯಾರೂ ಕಂಡವರಲ್ಲ. ಅವಳ ಹಿಂದೆ ನಾಲ್ಕು ತಿಂಗಳಿಂದ ಸುತ್ತುತ್ತಿದ್ದ ಡ್ವೇನ್ ಎಂಬ ಮಾತು ಕಮ್ಮಿಯ ಬಡಗಿ ಒಂದು ಕೆಲಸ ಮಾಡಿದ. ತನ್ನ ತಾಯಿಯ ಮನೆಯ ಟಿವಿಯ ಮುಂದೆ ಸ್ಟೂಲ್ ಹಾಕಿ, ಅದರ ಮೇಲೆ ಟೇಪ್ ರೆಕಾರ್ಡರ್ ಇಟ್ಟು, ಇಡೀ ಸಿನಿಮಾದ ಸದ್ದನ್ನು ಹಿಡಿದ. ಪಾತ್ರಗಳು ಸುಮ್ಮನಿದ್ದಾಗ ಏನು ಕಾಣುತ್ತಿದೆ ಎಂದು ಪಿಸುದನಿಯಲ್ಲಿ ತಾನೇ ಹೇಳಿದ. ಮರುದಿನ ಕ್ಯಾಸೆಟ್ಟನ್ನು ಕರವಸ್ತ್ರದಲ್ಲಿ ಸುತ್ತಿ ತಂದುಕೊಟ್ಟ. ಮೊದಲ ಮಗ್ಗುಲು ಕೇಳಿ ಮುಗಿಸುವಷ್ಟರಲ್ಲೇ ಮಾರ್ಲಿಸ್ ಇವನನ್ನೇ ಮದುವೆಯಾಗುವುದೆಂದು ತೀರ್ಮಾನಿಸಿಬಿಟ್ಟಿದ್ದಳು.

‘ಈಗ ಹುಡುಗಿ ಕಿಟಕಿ ಹತ್ರ ಬಂದ್ಲು, ಮಾರ್ಲಿಸ್. ಕೆರೆ ಆಚೆ ಲಾಟೀನು ಕಾಣ್ತಿದೆ. ನಿನ್ನೆಗಿಂತ ಹತ್ರ.’ ಹೀಗೆ ಸಾಗುತ್ತದೆ. ಕೆರೆಯಲ್ಲಿ ಮುಳುಗಿ ಸತ್ತ ಹೆಂಗಸೊಬ್ಬಳು ಲಾಟೀನು ಹಿಡಿದು ಹೊಸ ಮದುವಣಗಿತ್ತಿಯ ಮನೆಗೆ ದಿನಕ್ಕಿಷ್ಟು ಹತ್ತಿರವಾಗುತ್ತಾಳೆ. ನಡುವೆ ಒಂದು ನಾಯಿ ಕುಂಯ್‌ಗುಡುತ್ತದೆ. ‘ಕಂದು ನಾಯಿ, ಕಿವಿ ಜೋತುಬಿದ್ದಿದೆ. ಗಾಬರಿಯಾಗ್ಬೇಡ, ಅದಕ್ಕೇನೂ ಆಗಲ್ಲ.’ ಆಮೇಲೆಲ್ಲೋ ದೆವ್ವ ಕಿಸಕ್ಕನೆ ನಕ್ಕು ಗಪ್ಪನೆ ನಿಲ್ಲಿಸುತ್ತದೆ. ಆ ನಗು ಕೇಳಿದರೆ ಈಗಲೂ ಮಾರ್ಲಿಸ್‌ಳ ಮೈ ಜುಮ್ಮೆನ್ನುತ್ತದೆ. ಕೊನೆಗೆ ಒಂದು ದೊಡ್ಡ ಕಿರುಚಾಟ, ನಂತರ ನೀರಿನ ಸದ್ದು, ನಂತರ ಡ್ವೇನ್: ‘ಏನೂ ಮಾಡ್ಲಿಲ್ಲ ಕಣೆ. ಲಾಟೀನು ಹೊಸ್ತಿಲ ಮೇಲಿಟ್ಟು ವಾಪಸ್ ಹೋಗ್ತಿದಾಳೆ. ಕತ್ತಲೇಲಿ ಯಾರೂ ಮುಳುಗದೇ ಇರ್ಲಿ ಅಂತ ಇಷ್ಟು ದಿನ ಬರ್ತಿದ್ದಿದ್ದು.’ ಟೇಪ್ ಮುಗಿಯುವ ಮುನ್ನ ಇನ್ನೊಂದು ಮಾತು, ಅದು ಸಿನಿಮಾದ್ದಲ್ಲ. ‘ಮುಗೀತು, ಮಾರ್ಲಿಸ್. ನಂಗೇನೂ ಹೆದರಿಕೆ ಆಗ್ಲಿಲ್ಲ. ನೀನು ಬೇಗ ಬಾ.’

ಮದುವೆಯಾದ ಮೇಲೆ ಪ್ರತಿ ಅಕ್ಟೋಬರ್‌ನಲ್ಲೂ ಡ್ವೇನ್ ಹೊಸ್ತಿಲ ಮೇಲೊಂದು ಲಾಟೀನು ಹಚ್ಚಿಡುತ್ತಿದ್ದ. ಗಂಡ ಹೆಂಡತಿ ಪಟ್ಟಿ ಮಾಡಿಕೊಂಡು ತಿಂಗಳಿಡೀ ದೆವ್ವದ ಸಿನಿಮಾ ನೋಡುತ್ತಿದ್ದರು. ಮಹಾರಾಯನಿಗೆ ಒಂದೇ ಚಾಳಿ. ಮುಖ್ಯವಾದ ಘಳಿಗೆಯಲ್ಲೇ ಪಾಪ್‌ಕಾರ್ನ್‌ಗೆ ಬೆಣ್ಣೆ ಕಮ್ಮಿಯಾಗಿದೆ ಎಂದು ಅಡುಗೆಮನೆಗೆ ಎದ್ದು ಹೋಗುತ್ತಿದ್ದ. ಬೆಣ್ಣೆಯ ಹುಚ್ಚು ಎಂದು ಮಾರ್ಲಿಸ್ ಬೈದುಕೊಳ್ಳುತ್ತಿದ್ದಳು.

ಅವನು ಹೋಗಿ ಒಂದೂವರೆ ವರ್ಷವಾಯಿತು. ಫೋಟೋಗಳು ರಾಶಿ ಇವೆ, ಧ್ವನಿ ಮಾತ್ರ ಆ ಕ್ಯಾಸೆಟ್ಟಿನಲ್ಲಿರುವುದೊಂದೇ. ಕ್ಯಾಮೆರಾ ಕಂಡರೆ ಡ್ವೇನ್ ಬಾಯಿ ಹೊಲಿದುಕೊಳ್ಳುವವನು.

ಹೀಗಿರುವಾಗ ಈ ವರ್ಷ ಚಿತ್ರಮಂದಿರದಿಂದ ಫೋನು ಬಂತು. ನೆಬ್ರಾಸ್ಕದಲ್ಲಿ ಯಾರದೋ ಕೊಟ್ಟಿಗೆಯಲ್ಲಿ ‘ಆಚೆ ದಡದ ಲಾಟೀನು’ ಸಿನಿಮಾದ ಡಬ್ಬಿಗಳು ಸಿಕ್ಕಿವೆಯಂತೆ, ಮೂವತ್ತೊಂದನೇ ತಾರೀಖು ಮಧ್ಯಾಹ್ನ ಎರಡಕ್ಕೆ ಪ್ರದರ್ಶನವಂತೆ. ಮಾರ್ಲಿಸ್ ಬಾಯಿತುಂಬ ಥ್ಯಾಂಕ್ಸ್ ಹೇಳಿದಳು, ಆದರೆ ಹೋಗಬಾರದು ಎಂದೇ ಮನಸ್ಸು ಮಾಡಿದಳು. ಡ್ವೇನ್ ತೋರಿಸಿದ ಸಿನಿಮಾ ಇರುವಾಗ ಇನ್ನೊಬ್ಬರು ತೋರಿಸಿದ್ದು ಯಾಕೆ ಬೇಕು?

ಆ ಲೆಕ್ಕಾಚಾರ ತಲೆಕೆಳಗಾದದ್ದು ಮೂವತ್ತನೇ ತಾರೀಖಿನ ಸಂಜೆ. ಆ ಊರಿನಲ್ಲಿ ಮಕ್ಕಳು ವೇಷ ಹಾಕಿ ಮಿಠಾಯಿ ಕೇಳಲು ಬರುವುದು ಹ್ಯಾಲೊವೀನ್‌ನ ಹಿಂದಿನ ದಿನವೇ, ಅದೂ ಪುಕ್ಕಟೆಯಲ್ಲ. ಒಂದು ಜೋಕು ಹೇಳಿದರೆ ಮಾತ್ರ ಮಿಠಾಯಿ. ಮಾರ್ಲಿಸ್ ವಾಡಿಕೆಯಂತೆ ಹಾಲ್‌ನಲ್ಲಿ ಕ್ಯಾಸೆಟ್ ಹಾಕಿ, ಬಾಗಿಲಲ್ಲಿ ಬುಟ್ಟಿ ಹಿಡಿದು ನಿಂತಿದ್ದಳು. ಬಿಳಿ ದುಪ್ಪಟಿ ಹೊದ್ದ ಪುಟ್ಟ ಹುಡುಗಿಯೊಬ್ಬಳು ಮೆಟ್ಟಿಲು ಹತ್ತಿ ಬಂದಳು.

“ದೆವ್ವ ಸುಳ್ಳು ಹೇಳಿದ್ರೆ ಯಾಕೆ ತಕ್ಷಣ ಸಿಕ್ಕಿಬೀಳುತ್ತೆ, ಹೇಳಿ ಅಜ್ಜಿ?”

“ನಂಗೊತ್ತಿಲ್ಲಪ್ಪ. ಯಾಕೆ?”

“ಈ ಕಡೆಯಿಂದ ನೋಡಿದ್ರೆ ಆ ಕಡೆವರೆಗೂ ಕಾಣುತ್ತಲ್ಲ, ಅದಕ್ಕೆ!”

ಮಾರ್ಲಿಸ್ ನಗುವಷ್ಟರಲ್ಲಿ ಒಳಗೆ ಡ್ವೇನ್‌ನ ದನಿ ಎಮ್ಮೆ ಕೂಗಿದಂತೆ ಎಳೆದುಕೊಂಡು ನಿಂತುಹೋಯಿತು. ಬುಟ್ಟಿಯನ್ನು ಆ ದೆವ್ವದ ಕೈಗೇ ಕೊಟ್ಟು ಓಡಿದಳು. ಯಂತ್ರ ಟೇಪನ್ನು ನುಂಗಿತ್ತು. ನಿಧಾನವಾಗಿ ಬಿಡಿಸಬೇಕಿತ್ತು. ಗಾಬರಿಯಲ್ಲಿ ಎಳೆದಳು, ಎಳೆದದ್ದೇ ತಪ್ಪಾಯಿತು. ಮೂರು ಕಡೆ ತುಂಡಾಗಿ, ಉಳಿದದ್ದು ಸುಕ್ಕುಗಟ್ಟಿದ ಕಂದು ದಾರದ ಉಂಡೆಯಾಗಿ ಅವಳ ಮಡಿಲಿಗೆ ಬಿತ್ತು. ತುಂಡಾದದ್ದನ್ನು ಅಂಟಿಸಬಹುದು, ಸುಕ್ಕಾದ ಕಡೆ ಧ್ವನಿ ಉಳಿಯುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ನೆಲದ ಮೇಲೆ ಕೂತು ಗೊಳೋ ಎಂದು ಅತ್ತಳು.

ಬೆಳಿಗ್ಗೆ ಡ್ವೇನ್‌ನ ಅಕ್ಕ ಆರ್ಡಿತ್‌ಗೆ ಫೋನ್ ಮಾಡಿದಳು. ಆರ್ಡಿತ್‌ಗೆ ಎಂಬತ್ತು. ಕಣ್ಣಿನ ಮುಂದೆ ಬರೀ ಮಂಜು, ನಾಲಿಗೆ ಮಾತ್ರ ಇನ್ನೂ ಹರಿತ.

“ಅವನ ಒಂದೊಂದು ಮಾತೂ ಬಾಯಿಪಾಠ ಇದೆ, ಆರ್ಡಿತ್. ಆದ್ರೆ ದನಿ ಬರ್ತಿಲ್ಲ. ರಾತ್ರಿಯೆಲ್ಲ ನೆನಪು ಮಾಡ್ಕೊಂಡೆ, ನನ್ನ ದನಿಯಲ್ಲೇ ಕೇಳ್ಸುತ್ತೆ. ಆ ಸಿನಿಮಾ ಸದ್ದು ಕಿವಿಗೆ ಬಿದ್ರೆ ನಡುನಡುವೆ ಅವನೂ ಬರಬಹುದೇನೋ ಅನ್ಸುತ್ತೆ. ನಾನು ಹೋಗ್ತೀನಿ.”

“ನಾನೂ ಬರ್ತೀನಿ.”

“ನಿಂಗೆ ಕಾಣಲ್ವಲ್ಲೇ!”

“ನಲವತ್ತಾರು ವರ್ಷ ನೀನು ಕಿವಿಯಲ್ಲೇ ಸಿನಿಮಾ ನೋಡ್ಲಿಲ್ವಾ? ನಂಗೇನು ಕಿವಿ ಇಲ್ವಾ? ಕಾರ್ ತಗೊಂಡು ಬಾ ಸುಮ್ನೆ.”

ಮಧ್ಯಾಹ್ನದ ಚಿತ್ರಮಂದಿರದಲ್ಲಿ ಇಪ್ಪತ್ತು ಜನ ಇದ್ದರೆ ಹೆಚ್ಚು. ಆರ್ಡಿತ್ ಪಾಪ್‌ಕಾರ್ನ್ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ರಾಣಿಯಂತೆ ಕೂತಳು. ದೀಪ ಆರಿತು. ಪರಿಚಿತ ಪಿಟೀಲು ಶುರುವಾಯಿತು. ಮಾರ್ಲಿಸ್ ಕಿವಿಗೊಟ್ಟು ಕೂತಳು. ಕಿಟಕಿ ಬಂತು, ಕೆರೆ ಬಂತು, ಆಚೆ ದಡದಲ್ಲಿ ಬೆಳಕಿನ ಚುಕ್ಕಿ ಬಂತು. ಪಾತ್ರಗಳು ಸುಮ್ಮನಾದವು. ಇಲ್ಲಿ ಡ್ವೇನ್ ಮಾತಾಡಬೇಕು. ಕಾದಳು. ಎರಡು ಸಾಲು ಹಿಂದೆ ಯಾರೋ ಕೆಮ್ಮಿದರು, ಅಷ್ಟೆ.

ಬರುತ್ತಾನೆ, ಇನ್ನೂ ಶುರು ಎಂದು ಸಮಾಧಾನ ಮಾಡಿಕೊಂಡಳು. ನಾಯಿಯಾದರೂ ಬರಲಿ. ಆ ಜೋತುಗಿವಿಯ ಕಂದು ನಾಯಿಯನ್ನು ಅವಳು ಎಷ್ಟು ಮನಸ್ಸಿಗೆ ಹಚ್ಚಿಕೊಂಡಿದ್ದಳೆಂದರೆ ಅದಕ್ಕೊಂದು ಹೆಸರೂ ಇಟ್ಟಿದ್ದಳು. ಕುಂಯ್ ಎಂಬ ಸದ್ದು ಬಂತು. ಪರದೆಯ ಮೇಲೆ ತುಕ್ಕು ಹಿಡಿದ ಬಾಗಿಲೊಂದು ಗಾಳಿಗೆ ಅಲ್ಲಾಡುತ್ತಿತ್ತು. ನಾಯಿಯೂ ಇಲ್ಲ, ಮಣ್ಣೂ ಇಲ್ಲ.

“ಆರ್ಡಿತ್, ನಾಯಿನೇ ಇಲ್ಲ ಕಣೆ!”

“ಯಾವ ನಾಯಿ?” ಎಂದಳು ಆರ್ಡಿತ್, ಪಾಪ್‌ಕಾರ್ನ್ ಅಗಿಯುತ್ತ.

ಇದು ಬೇರೆ ಸಿನಿಮಾ ಇರಬೇಕು ಎಂದುಕೊಂಡಳು. ಆದರೆ ಸಂಭಾಷಣೆ ಅದೇ, ಒಂದಕ್ಷರ ಹೆಚ್ಚುಕಮ್ಮಿಯಿಲ್ಲ. ಇನ್ನು ದೆವ್ವದ ನಗು. ಮದುವಣಗಿತ್ತಿ ಕೈಯಲ್ಲಿ ಮೇಣದ ಬತ್ತಿ ಹಿಡಿದು ಮೆಟ್ಟಿಲಿಳಿದಳು. ಒಂದು, ಎರಡು, ಮೂರು, ಈಗ ಎಂದು ಮಾರ್ಲಿಸ್ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದಳು. ನಗು ಬರಲಿಲ್ಲ. ಮದುವಣಗಿತ್ತಿ ತನ್ನ ಪಾಡಿಗೆ ಕೆಳಗಿಳಿದು ನೀರು ಕುಡಿದಳು.

“ನಗುನೂ ಇಲ್ಲ! ಇಲ್ಲಿ ದೆವ್ವ ಕಿಸಕ್ ಅಂತ ನಗ್ಬೇಕಿತ್ತು, ಆರ್ಡಿತ್. ಟೇಪಲ್ಲಿ ಇತ್ತು. ನಂಗೇನು ಅರಳುಮರಳಾ?”

ಆರ್ಡಿತ್ ಅಗಿಯುವುದನ್ನು ನಿಲ್ಲಿಸಿದಳು. ಆ ಕತ್ತಲಲ್ಲಿ ಮಾರ್ಲಿಸ್‌ಳ ಕೈ ಹುಡುಕಿ ಹಿಡಿದುಕೊಂಡಳು.

“ಆ ನಗು ನಂದು.”

“ಏನು?”

“ನಂದು ಕಣೆ, ಮಾರಾಯ್ತಿ. ಅವತ್ತು ಅಮ್ಮನ ಮನೇಲಿ ನಾನೂ ಇದ್ದೆ, ಅಡುಗೆಮನೆಯಿಂದ ಹಾಲ್‌ಗೆ ಬಂದೆ. ನೋಡಿದ್ರೆ ಇವನು ಸೋಫಾ ಮೇಲೆ ಬೋರಲು ಬಿದ್ದು ದಿಂಬಲ್ಲಿ ಮುಖ ಹುದುಗಿಸ್ಕೊಂಡಿದಾನೆ. ಟಿವಿ ಕಡೆ ಬೆನ್ನು! ರೆಕಾರ್ಡರ್ ಮೈಕು ಮಾತ್ರ ತಂತಿ ಎಳೆದು ಬಾಯಿ ಹತ್ರ ಇಟ್ಕೊಂಡಿದಾನೆ. ‘ಕಂದು ನಾಯಿ’ ಅಂತೆ! ಸ್ವಲ್ಪ ಹೊತ್ತು ತಡ್ಕೊಂಡೆ, ಆಮೇಲೆ ನಗು ತಡೀಲಿಕ್ಕಾಗ್ಲಿಲ್ಲ. ಅವನು ದಿಂಬು ಎಸೆದ, ನಾನು ಬಾಯಿ ಮುಚ್ಕೊಂಡೆ.”

“ಅಂದ್ರೆ ಅವನು ನೋಡ್ಲೇ ಇಲ್ವಾ?”

“ಡ್ವೇನಾ? ದೆವ್ವದ ಸಿನಿಮಾನಾ? ಎಂಟನೇ ವಯಸ್ಸಲ್ಲಿ ಒಂದು ನೋಡಿ ಚಡ್ಡಿ ಒದ್ದೆ ಮಾಡ್ಕೊಂಡ. ಆಮೇಲೆ ಸಾಯೋವರೆಗೂ ಒಂದನ್ನೂ ಕಣ್ಣು ಬಿಟ್ಟು ನೋಡ್ಲಿಲ್ಲ.”

“ಮತ್ತೆ ನಂಗ್ಯಾಕೆ ಯಾರೂ ಹೇಳ್ಲಿಲ್ಲ?”

“ಆಣೆ ಹಾಕಿಸ್ಕೊಂಡಿದ್ದ. ‘ಗೊತ್ತಾದ್ರೆ ಅವಳು ನನ್ನಂಥ ಪುಕ್ಕಲನ್ನ ಮದುವೆ ಆಗಲ್ಲ, ಆರ್ಡಿತ್, ನಿನ್ನ ಕಾಲಿಗೆ ಬೀಳ್ತೀನಿ’ ಅಂದ. ಆಮೇಲೆ ಮದುವೆ ಆಯ್ತು. ಆಮೇಲೆ ಹೇಳೋಕೆ ನಾಚಿಕೆ ಅಂದ. ಆಮೇಲೆ ಹೋಗೇಬಿಟ್ಟ.”

ಎಲಾ ಇವನ! ಮಾರ್ಲಿಸ್‌ಗೆ ಮೈಯೆಲ್ಲ ಉರಿಯಿತು. ನಾಯಿ ಸುಳ್ಳು, ದೆವ್ವದ ನಗು ಸುಳ್ಳು, ಬೆಣ್ಣೆ ಸುಳ್ಳು. ಧ್ವನಿ ಹುಡುಕಿಕೊಂಡು ಬಂದರೆ ಇದ್ದ ನೆನಪೂ ಕೈಬಿಟ್ಟು ಹೋಗುತ್ತಿದೆ. ಇನ್ನು ಆ ಲಾಟೀನೊಂದು ಉಳಿದಿತ್ತು. ದೇವರೇ, ಅದೊಂದಾದರೂ ನಿಜವಾಗಿರಲಿ ಎಂದು ಅವಳು ಪರದೆಯನ್ನೇ ನೋಡಿದಳು.

ದೆವ್ವ ಮೆಟ್ಟಿಲು ಹತ್ತಿ ಬಂತು. ಲಾಟೀನನ್ನು ಹೊಸ್ತಿಲ ಮೇಲೆ ಇಡಲಿಲ್ಲ. ಹೊಸ್ತಿಲು ದಾಟಿ ಒಳಗೆ ಬಂದು ಮದುವಣಗಿತ್ತಿಯ ಕೂದಲಿಗೆ ಕೈ ಹಾಕಿತು. ಆ ಕಿರುಚಾಟ ಎದ್ದಿತು, ನಲವತ್ತಾರು ವರ್ಷ ಕೇಳಿದ ಅದೇ ಕಿರುಚಾಟ. ದೆವ್ವ ಅವಳನ್ನು ದರದರನೆ ಕೆರೆಯ ಕಡೆ ಎಳೆಯತೊಡಗಿತು.

“ಈಗೇನಾಗ್ತಿದೆ? ಯಾಕೆ ಹಾಗೆ ಅರಚ್ತಿದಾಳೆ?” ಎಂದಳು ಆರ್ಡಿತ್. ಅವಳ ಬೆರಳುಗಳು ಮಾರ್ಲಿಸ್‌ಳ ಕೈಯನ್ನು ಗಟ್ಟಿಯಾಗಿ ಹಿಡಿದಿದ್ದವು. ತಮ್ಮನಷ್ಟೇ ಪುಕ್ಕಲಿ ಇವಳೂ.

ಜೀವಮಾನದಲ್ಲಿ ಯಾವ ದೆವ್ವಕ್ಕೂ ಮಾರ್ಲಿಸ್ ಕಣ್ಣು ಮುಚ್ಚಿದವಳಲ್ಲ. ಈಗ ಮುಚ್ಚಿದಳು.

ಮುಚ್ಚಿದ ಕೂಡಲೇ ಅವನು ಕಂಡ. ತಾಯಿಯ ಮನೆಯ ಹಾಲಿನಲ್ಲಿ ದಿಂಬಿಗೆ ಮುಖ ಒತ್ತಿ ಗಡಗಡ ನಡುಗುತ್ತಿರುವ ಇಪ್ಪತ್ತಾರರ ಡ್ವೇನ್. ಎದ್ದು ಟಿವಿ ಆರಿಸಿಬಿಡಬಹುದಿತ್ತು, ಆರಿಸಲಿಲ್ಲ. ಕಿವಿಗೆ ಬೀಳುವ ಒಂದೊಂದು ಕಿರುಚಾಟಕ್ಕೂ ಒಳ್ಳೆಯದೇನಾದರೂ ಹುಡುಕಿ ಹುಡುಕಿ ಅವಳಿಗಾಗಿ ಪಿಸುಗುಟ್ಟುತ್ತಿದ್ದ. ಅವನ ಬಾಯಿ ಆಡುವುದು ಕಂಡಿತು, ಮತ್ತೆ ದನಿ ಬಂತು. ಅವನದೇ ದನಿ, ಸ್ವಲ್ಪ ಒಡೆದದ್ದು, ದಿಂಬಿನಿಂದಾಗಿ ಮುಚ್ಚಿಕೊಂಡಂಥದ್ದು. ಆ ಮುಚ್ಚಿದ ದನಿಯನ್ನು ಅವಳು ಇಷ್ಟು ವರ್ಷ ಟೇಪಿನ ದೋಷ ಎಂದುಕೊಂಡಿದ್ದಳು.

ಅವನು ಹೇಳಿದಂತೆ ಅವಳೂ ಹೇಳಿದಳು. “ಏನೂ ಮಾಡ್ಲಿಲ್ಲ ಕಣೆ, ಆರ್ಡಿತ್. ಲಾಟೀನು ಹೊಸ್ತಿಲ ಮೇಲಿಟ್ಟು ವಾಪಸ್ ಹೋಗ್ತಿದಾಳೆ.”

“ಹೌದಾ?”

“ಹೌದು. ಕತ್ತಲೇಲಿ ಯಾರೂ ಮುಳುಗದೇ ಇರ್ಲಿ ಅಂತ ಇಷ್ಟು ದಿನ ಬರ್ತಿದ್ದಿದ್ದು.”

ಆರ್ಡಿತ್ ನಿಟ್ಟುಸಿರು ಬಿಟ್ಟು ಕೈ ಸಡಿಲಿಸಿದಳು. ನೀರಿನ ಸದ್ದು ಬಂತು, ನಿಂತಿತು. ಪಿಟೀಲು ಮುಗಿಯಿತು. ಜನ ಎದ್ದರು, ಕುರ್ಚಿಗಳು ಪಟಪಟ ಮಡಚಿಕೊಂಡವು.

“ಮುಗೀತೇನೆ? ಏಳೋಣವಾ?”

“ತಾಳು. ಇನ್ನೊಂದು ಮಾತಿದೆ,” ಎಂದಳು ಮಾರ್ಲಿಸ್, ಕಣ್ಣು ಬಿಡದೆ.

ಮುಗೀತು, ಮಾರ್ಲಿಸ್. ನಂಗೇನೂ ಹೆದರಿಕೆ ಆಗ್ಲಿಲ್ಲ. ನೀನು ಬೇಗ ಬಾ.

“ಸುಳ್ಳ,” ಎಂದಳು ಅವಳು. ದೀಪಗಳು ಹತ್ತಿದ್ದು ರೆಪ್ಪೆಯ ಮೇಲೆ ಕೆಂಪಗೆ ತಿಳಿಯುತ್ತಿತ್ತು, ಆದರೂ ಕಣ್ಣು ತೆರೆಯಲಿಲ್ಲ.