ಹಿಂದಕ್ಕೆ ಹರಿದ ಕರೆಂಟು

ಚನ್ನಪಟ್ಟಣದ ಅಂಚಿನಲ್ಲಿ ತಾಹೇರಾ ನಡೆಸುತ್ತಿದ್ದದ್ದು ರೇಷ್ಮೆ ನೂಲಿಗೆ ಹುರಿ ಹಾಕುವ ಸಣ್ಣ ಫ್ಯಾಕ್ಟರಿ. ಗಂಡ ತೀರಿಕೊಂಡ ಮೇಲೆ, ಹೆಂಗಸಿನ ಕೈಲಿ ಮಿಷನ್ನು ಎಷ್ಟು ದಿನ ಓಡೀತು ಎಂದವರ ಬಾಯಿ ಮುಚ್ಚಿಸಿ ಆರು ವರ್ಷವಾಗಿತ್ತು. 2005ರಲ್ಲಿ ಮಿಷನ್ನುಗಳು ಹೆಚ್ಚಾದಾಗ ಫ್ಯಾಕ್ಟರಿಯ ಹಿಂದೆ ಅವಳಿಗೆಂದೇ ಒಂದು ಟ್ರಾನ್ಸ್‌ಫಾರ್ಮರ್ ಬಂತು. ಹೊಲದ ನಡುವೆ ಎಂಟು ಕಂಬ ದಾಟಿ ಬರುವ ಆ ಲೈನು ಬೇರೆ ಯಾರಿಗೂ ಹೋಗುತ್ತಿರಲಿಲ್ಲ.

ಮರುವರ್ಷ ಮಾರ್ಚಿನಲ್ಲಿ ಒಂದು ಬೆಳಿಗ್ಗೆ ಲೈನ್‌ಮನ್ ಲಕ್ಷ್ಮಯ್ಯ ಬಾಗಿಲಲ್ಲಿ ಸೈಕಲ್ ನಿಲ್ಲಿಸಿದ.

“ತಾಹೇರಕ್ಕ, ಮೂರ್ನೇ ಕಂಬದಲ್ಲಿ ತಂತಿ ಸಡ್ಲ ಆಗೈತೆ. ಒಂದ್ಗಂಟೆ ಲೈನ್ ತೆಗ್ದಿರ್ತೀನಿ.”

“ಆಯ್ತಣ್ಣ, ಜನರೇಟರ್ ಹಾಕ್ಕೊತೀನಿ.”

ಲೈನು ಇಲ್ಲವೇ ಜನರೇಟರು, ಎರಡರಲ್ಲಿ ಒಂದನ್ನು ಮಾತ್ರ ಕೂಡಿಸುವ ಸ್ವಿಚ್ಚೊಂದು ಅವಳ ಬೋರ್ಡಿನಲ್ಲಿತ್ತು. ಹದಿನೈದು ದಿನದ ಹಿಂದೆ ಅದು ಸುಟ್ಟುಹೋಗಿ, ಜನರೇಟರಿನ ವೈರನ್ನು ನೇರವಾಗಿ ಬೋರ್ಡಿಗೇ ಕಟ್ಟಿಸಿದ್ದಳು. ಕರೆಂಟು ಲೈನಿಗೆ ಹೋಗದ ಹಾಗೆ ಮೊದಲು ಮೇನ್ ಸ್ವಿಚ್ ಇಳಿಸಬೇಕು, ಆಮೇಲೆ ಜನರೇಟರ್. ಇದು ಲಕ್ಷ್ಮಯ್ಯನಿಗೆ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿತ್ತು. ಆದರೆ ಆ ದಿನ ನೂಲಿನ ವ್ಯಾಪಾರಿ ಎದುರಿಗೇ ಕೂತು ಗಡಿಬಿಡಿ ಮಾಡುತ್ತಿದ್ದ. ಕರೆಂಟು ಹೋದದ್ದೇ ತಡ, ಅವಳು ಓಡಿಹೋಗಿ ಜನರೇಟರ್ ಚಾಲೂ ಮಾಡಿದಳು.

ಸ್ವಲ್ಪ ಹೊತ್ತಿಗೆ ಹೊಲದ ಕಡೆಯಿಂದ ಕೂಗು ಕೇಳಿಸಿತು. ಹೊರಗೆ ಬಂದು ನೋಡಿದರೆ ಮೂರನೇ ಕಂಬದ ಬುಡದಲ್ಲಿ ಲಕ್ಷ್ಮಯ್ಯ ಬಿದ್ದಿದ್ದಾನೆ. ಅವಳ ಕಾಲು ಅತ್ತ ಓಡಲಿಲ್ಲ, ಒಳಕ್ಕೆ ಓಡಿತು. ಜನರೇಟರ್ ನಿಲ್ಲಿಸಿ ಬೋರ್ಡಿನತ್ತ ನೋಡಿದಳು. ಮೇನ್ ಸ್ವಿಚ್ಚು ಮೇಲೆಯೇ ಇತ್ತು. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಅದನ್ನು ಕೆಳಗೆ ಎಳೆದಳು. ಆಮೇಲೆ ಹೊಲಕ್ಕೆ ಓಡಿದಳು.

ಲಕ್ಷ್ಮಯ್ಯ ಬದುಕಿಕೊಂಡ. ಬೆಂಗಳೂರಿನ ಆಸ್ಪತ್ರೆಯಲ್ಲಿ ಅವನ ಬಲಗೈಯನ್ನು ಮಣಿಕಟ್ಟಿನವರೆಗೆ ತೆಗೆದರು.

ನಾಲ್ಕನೇ ದಿನ ತನಿಖೆಗೆ ಬಂದ ವಿದ್ಯುತ್ ಕಚೇರಿಯ ಇಂಜಿನಿಯರ್ ಅನಂತರಾಜು ಬೋರ್ಡು ನೋಡಿದರು. ಮೇನ್ ಸ್ವಿಚ್ಚು ಇಳಿದಿತ್ತು. ಜನರೇಟರಿನ ವೈರನ್ನು ಅವಳು ಆಗಲೇ ಬಿಚ್ಚಿಸಿಹಾಕಿದ್ದಳು. ಹಿತ್ತಲಲ್ಲಿ ಟ್ರಾನ್ಸ್‌ಫಾರ್ಮರ್ ಎದುರು ನಿಂತು ಅವರು ಬರೆದುಕೊಳ್ಳುತ್ತಿದ್ದಾಗ ತಾಹೇರಾ ಕೇಳಿದಳು: “ಸಾರ್, ಈ ಡಬ್ಬದೊಳಗೆ ಏನಿರ್ತದೆ?”

“ಎರಡು ಸುರುಳಿ ಅಮ್ಮ, ಒಂದೇ ಕಬ್ಬಿಣದ ಮೇಲೆ ಸುತ್ತಿರೋದು. ಒಂದಕ್ಕೊಂದು ತಾಗಿರೋದಿಲ್ಲ. ಒಂದರಲ್ಲಿ ಕರೆಂಟು ಹಿಂದೆ ಮುಂದೆ ಹರಿದಾಡಿದರೆ ಕಬ್ಬಿಣದಲ್ಲಿ ಅಯಸ್ಕಾಂತದ ಶಕ್ತಿ ಏರಿ ಇಳಿಯುತ್ತೆ. ಅದರಿಂದ ಇನ್ನೊಂದರಲ್ಲೂ ಕರೆಂಟು ಹುಟ್ಟುತ್ತೆ. ಲೈನಿನ ಕಡೆ ಸುತ್ತು ಜಾಸ್ತಿ, ನಿಮ್ಮ ಕಡೆ ಕಮ್ಮಿ. ಅದಕ್ಕೇ ಹನ್ನೊಂದು ಸಾವಿರ ವೋಲ್ಟು ಇಲ್ಲಿ ನಾನೂರಾಗುತ್ತೆ.”

“ನಮ್ಮ ಕಡೆಯಿಂದ ನಾನೂರು ಕೊಟ್ರೆ?”

ಪೆನ್ನು ನಿಂತಿತು. “ಮೇಲೆ ಹನ್ನೊಂದು ಸಾವಿರ ಆಗುತ್ತೆ. ಯಾವ ಕಡೆಯಿಂದ ಕೊಟ್ಟರು ಅಂತ ಅದಕ್ಕೇನು ಗೊತ್ತು? ಯಾಕಮ್ಮ?”

“ಸುಮ್ನೆ ಕೇಳ್ದೆ ಸಾರ್.”

ಅಲ್ಲಿಯವರೆಗೆ ತಾಹೇರಾ ಒಂದು ನೆಪ ಹಿಡಿದುಕೊಂಡಿದ್ದಳು: ತನ್ನ ಜನರೇಟರು ಮಿಷನ್ನು ಓಡಿಸುವಷ್ಟರದ್ದು, ಕೈಯನ್ನು ಹಾಗೆ ಸುಡುವಷ್ಟು ಕರೆಂಟು ಅದರಿಂದ ಎಲ್ಲಿ ಬರಬೇಕು? ಈಗ ಅದೂ ಹೋಯಿತು. ನಮಾಜಿಗೆ ಕೂತರೆ ಕೈ ಎತ್ತಲು ನಾಚಿಕೆ. ಆದರೂ ಐದು ದಿನ ಬಾಯಿ ಬಿಡಲಿಲ್ಲ.

ಒಂಬತ್ತನೇ ದಿನ ಆಸ್ಪತ್ರೆಗೆ ಹೋದಳು. ಲಕ್ಷ್ಮಯ್ಯನ ಹೆಂಡತಿ ಮುನಿರತ್ನಮ್ಮ ಅವನಿಗೆ ಗಂಜಿ ಕುಡಿಸುತ್ತಿದ್ದಳು. “ನೋಡಕ್ಕ,” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. “ಕೈಯೂ ಹೋಯ್ತು, ಈಗ ಆಫೀಸ್ನೋರು ನೋಟಿಸ್ ಬೇರೆ ಕೊಟ್ಟವ್ರೆ. ಇವ್ರೇ ಲೈನ್ ಸರಿಯಾಗಿ ತೆಗ್ದಿಲ್ವಂತೆ. ಇಪ್ಪತ್ತೊರ್ಷ ಕಂಬ ಹತ್ತಿರೋರಿಗೆ ಅಷ್ಟೂ ಗೊತ್ತಾಗಕಿಲ್ವ?”

“ಅಣ್ಣ ಸರಿಯಾಗೇ ತೆಗ್ದಿದ್ರು,” ಎಂದಳು ತಾಹೇರಾ. “ಕರೆಂಟು ನನ್ ಜನರೇಟರಿಂದ ಹೋಯ್ತು. ಮೇನ್ ಇಳ್ಸೋದು ಮರ್ತೆ. ಆಮೇಲೆ ಇಳ್ಸಿ, ಮೊದ್ಲೇ ಇಳ್ಸಿದ್ದೆ ಅನ್ನೋ ಹಂಗೆ ಮಾಡ್ಬುಟ್ಟೆ.”

ಮುನಿರತ್ನಮ್ಮ ಗಂಜಿಯ ಲೋಟ ಕೆಳಗಿಟ್ಟಳು.

“ಮರ್ತಿದ್ದು ಸರಿ ಕಣಕ್ಕ, ಯಾರ್ಗಾದ್ರೂ ಆಯ್ತದೆ,” ಎಂದ ಲಕ್ಷ್ಮಯ್ಯ. “ನಾನೂ ಅವತ್ತು ತಂತೀನ ನೆಲಕ್ಕೆ ಸೇರ್ಸಿ ಅರ್ತ್ ಕಟ್ಟಿದ್ರೆ ಉಳೀತಿದ್ದೆ. ಒಸಿ ಕೆಲ್ಸ ಅಂತ ಕಟ್ನಿಲ್ಲ. ಆದ್ರೆ ಒಂಬತ್ತು ದಿನ? ಒಂಬತ್ತು ದಿನದಿಂದ ನಾನೇ ಎಲ್ಲಿ ತಪ್ಪು ಮಾಡ್ದೆ ಅಂತ ತಲೆ ಚಚ್ಕೊಂಡಿವ್ನಿ.”



ಅಲ್ಲಿಂದ ನೇರವಾಗಿ ಅನಂತರಾಜು ಅವರ ಕಚೇರಿಗೆ ಹೋಗಿ, ಸ್ವಿಚ್ಚು ಸುಟ್ಟಿದ್ದರಿಂದ ಹಿಡಿದು ವೈರು ಬಿಚ್ಚಿಸಿದ್ದರವರೆಗೆ ಎಲ್ಲವನ್ನೂ ಬರೆದು ಸಹಿ ಹಾಕಿದಳು. ಫ್ಯಾಕ್ಟರಿಯ ಕರೆಂಟು ಕಿತ್ತರು, ಪೊಲೀಸ್ ಕೇಸಾಯಿತು. ಮಿಷನ್ನುಗಳು ನಾಲ್ಕು ತಿಂಗಳು ನಿಂತವು. ಲಕ್ಷ್ಮಯ್ಯನ ಮೇಲಿನ ನೋಟಿಸನ್ನು ವಾಪಸ್ ತೆಗೆದುಕೊಂಡು, ಅವನಿಗೆ ಕಚೇರಿಯಲ್ಲೇ ದೂರು ಬರೆದುಕೊಳ್ಳುವ ಕೆಲಸ ಕೊಟ್ಟರು.

ಫ್ಯಾಕ್ಟರಿ ಮತ್ತೆ ಶುರುವಾದ ವಾರ ತಾಹೇರಾ ಲಕ್ಷ್ಮಯ್ಯನ ಮನೆಗೆ ಹೋದಳು. ಮುನಿರತ್ನಮ್ಮ ಚಾಪೆ ಹಾಸಿದಳು, ನೀರು ಕೊಟ್ಟಳು, ಎದುರಿಗೆ ಕೂತಳು.

“ಅವ್ರು ನಿನ್ ತಪ್ನ ಮನ್ನಿಸವ್ರೆ ಕಣಮ್ಮ. ನಂಗೆ ಇನ್ನೂ ಆಗ್ತಾಯಿಲ್ಲ.”

“ಆಗ್ಲೇಬೇಕು ಅಂತ ಕೇಳಾಕೆ ಬಂದಿಲ್ಲ,” ಎಂದಳು ತಾಹೇರಾ.

ಒಳಗೆ ಲಕ್ಷ್ಮಯ್ಯ ಸ್ಲೇಟಿನ ಮೇಲೆ ಎಡಗೈಯಲ್ಲಿ ಅಕ್ಷರ ತಿದ್ದುವ ಸದ್ದು ಕೇಳುತ್ತಿತ್ತು. ಇಬ್ಬರೂ ಅದನ್ನೇ ಕೇಳುತ್ತಾ ಕೂತರು.