ಗೋಡೆಯ ಮೇಲಿನ ಸೂಜಿ

ಮಾನೌಮಿ ಹಬ್ಬ ಹತ್ತಿರ ಬಂತೆಂದರೆ ನಮ್ಮ ಬಾಗೇವಾಡಿ ಸೀಮೆಯ ಹೆಣ್ಣುಮಕ್ಕಳಿಗೆ ಕೂತು ಉಣ್ಣಲೂ ಪುರುಸೊತ್ತಿರುವುದಿಲ್ಲ. ಹಾಸಿಗೆ ಹೊದಿಕೆ ಹಳ್ಳಕ್ಕೆ ಹೋಗಬೇಕು. ಗೋಡೆಗೆ ಸುಣ್ಣ, ಬುಡಕ್ಕೆ ಕೆಮ್ಮಣ್ಣು ಬೀಳಬೇಕು. ಎಪ್ಪತ್ತೇಳನೆಯ ಇಸವಿಯ ಮಾನೌಮಿಗೆ ಶಂಕ್ರೆವ್ವನ ಮನೆಯಲ್ಲೂ ಇದೇ ಕೆಲಸ ನಡೆದಿತ್ತು.

ಶಂಕ್ರೆವ್ವ ಸೆರಗು ಬಿಗಿದು, ನಾರಿನ ಕುಂಚ ಹಿಡಿದು ಮುಂದಿನ ಗೋಡೆಗೆ ನಿಂತಿದ್ದಳು. ಬಾಗಿಲಿನ ಎಡಕ್ಕೆ ಆಳೆತ್ತರದಲ್ಲಿ ನೀಲಿ ಬಣ್ಣದ ಬರಹವೊಂದಿತ್ತು. ಒಂದು ತಾರೀಖು, ಒಂದು ಗೀಟು, ಕೆಳಗೊಂದು ಸಹಿ. ಆರೋಗ್ಯ ಕೇಂದ್ರದ ನರ್ಸು ಸುಮಿತ್ರಾಬಾಯಿ ಮೂರು ವಾರದ ಹಿಂದೆ, ತಾನು ಬಂದ ಗುರುತಿಗೆ, ಬರೆದು ಹೋದದ್ದು. ಆ ದಿನ ಶಂಕ್ರೆವ್ವನ ಸೊಸೆ ಕಸ್ತೂರೆವ್ವನಿಗೆ ಧನುರ್ವಾಯುವಿನ ಮೊದಲನೆಯ ಸೂಜಿ ಆಗಿತ್ತು. ಬಸುರಿಯಾದ ಅವಳಿಗೆ ಆಗ ಏಳನೆಯ ತಿಂಗಳು ನಡೆದಿತ್ತು. ಒಂದು ತಿಂಗಳಿಗೆ ಎರಡನೆಯ ಸೂಜಿ ಎಂದು ನರ್ಸು ಹೇಳಿ ಹೋಗಿದ್ದಳು.

"ಶಂಕ್ರೆವ್ವಕ್ಕ, ಅದನ್ಯಾಕ ಅಳಸಾಕತ್ತಿ? ನರ್ಸಬಾಯಾರು ಬರದದ್ದಲ್ಲ ಅದು?" ಪಕ್ಕದ ಮನೆಯ ಮಾಬುಬಿ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತ ಕೇಳಿದಳು.

"ಬರದ್ರ ಏನಾತ? ಹಬ್ಬದಾಗ ಲಕ್ಷ್ಮಿ ಬಾಗಿಲಿಗಿ ಬಂದು, ಈ ಕಾಗಿಕಾಲು ಓದ್ಕೋತ ನಿಂದರಬೇಕೇನು?"

"ನಿಮ್ಮ ಲಕ್ಷ್ಮಿಗಿ ಓದಾಕರೆ ಬರ್ತೈತಿ. ನಮಗಿಬ್ಬರಿಗೂ ಬರಂಗಿಲ್ಲ ನೋಡು," ಎಂದು ಮಾಬುಬಿ ನಕ್ಕಳು.

ಕುಂಚ ಎರಡು ಸಲ ಆಡಿತು. ಗೋಡೆ ಬೆಳ್ಳಗಾಯಿತು.

ಹಬ್ಬ ಮುಗಿದ ಮೂರನೆಯ ದಿನ ತಪಾಸಣೆಯ ಸಾಹೇಬರ ಜೀಪು ಬಂತು. ಸಾಹೇಬರು ಮೈಸೂರು ಕಡೆಯವರು. ಕೈಯಲ್ಲಿ ಒಂದು ನಮೂನೆಯ ಹಾಳೆ. ಅವರು ಯಾರ ಮನೆಯೊಳಗೂ ಹೋಗಲಿಲ್ಲ. ಬಾಗಿಲಿನ ಎಡಗಡೆ ನೋಡುವುದು, ಹಾಳೆಯಲ್ಲಿ ಬರೆಯುವುದು, ಮುಂದಿನ ಮನೆಗೆ ನಡೆಯುವುದು. ಹಿಂದಿನಿಂದ ಸುಮಿತ್ರಾಬಾಯಿ ಭೇಟಿ ಬರೆದಿಡುವ ವಹಿ ಎದೆಗವಚಿಕೊಂಡು ಬರುತ್ತಿದ್ದಳು.

ಊರಿನಲ್ಲಿ ನೂರಾ ನಲವತ್ತು ಮನೆ. ಗುರುತು ಉಳಿದದ್ದು ಹನ್ನೊಂದಕ್ಕೆ. ಆ ಹನ್ನೊಂದು ಮನೆಯವರಿಗೆ ಸೂತಕವಿತ್ತು; ಸುಣ್ಣ ಹಚ್ಚಿರಲಿಲ್ಲ.

"ಏನಮ್ಮ ಇದು? ಮನೆ ಮನೆಗೆ ಹೋಗಿದ್ದೀನಿ ಅಂತ ಬರೆದಿದ್ದೀರಿ. ಗುರುತೇ ಇಲ್ಲವಲ್ಲ?"

"ಹಬ್ಬಕ್ಕ ಸುಣ್ಣ ಹಚ್ಚ್ಯಾರ್ರಿ ಸರ್. ನನ್ನ ವಹಿಯಾಗ ಎಲ್ಲಾ ಐತಿ."

"ವಹಿ ಬರೆಯುವವರು ನೀವೇ. ಗೋಡೆ ತೋರಿಸಿ."

ಶಂಕ್ರೆವ್ವ ಇದನ್ನು ಕೇಳಿಸಿಕೊಂಡಳು. ಅವಳು ಹೊಸ್ತಿಲು ದಾಟಿ ಬಂದಳು. "ಬಾಯಾರು ಬಂದಿದ್ರರಿ ಸಾಹೇಬ್ರ. ನನ್ನ ಸೊಸೀಗಿ ಸೂಜಿ ಮಾಡಿದ್ರು. ಅಳಿಸಿದಾಕಿ ನಾನು. ಬೇಕಾದ್ರ ಇಕಿ ತೋಳ ನೋಡ್ರಿ." ಕಸ್ತೂರೆವ್ವನ ಕೈ ಹಿಡಿದು ಮುಂದೆ ಎಳೆದಳು.

ಸಾಹೇಬರು ಬೇರೆ ಕಡೆ ಮುಖ ಮಾಡಿದರು. "ತೋಳಿಗೆ ನಮೂನೆಯಲ್ಲಿ ಕಾಲಂ ಇಲ್ಲಮ್ಮ. ನನ್ನನ್ನೂ ಮೇಲಿನವರು ಗೋಡೆಯನ್ನೇ ಕೇಳುತ್ತಾರೆ."

ನಾಲ್ಕು ದಿನಕ್ಕೆ ಸುಮಿತ್ರಾಬಾಯಿಗೆ ಕಾಗದ ಬಂತು. ಅವಳ ಐದೂ ಊರಿನ ಎಲ್ಲ ಮನೆಗಳಿಗೆ ಹೊಸದಾಗಿ ಗುರುತು ಹಾಕತಕ್ಕದ್ದು. ಗುರುತು ಬಾಗಿಲಿನ ಎಡಕ್ಕೆ, ನೆಲದಿಂದ ಐದು ಅಡಿ ಎತ್ತರದಲ್ಲಿರತಕ್ಕದ್ದು. ಗುರುತು ಪೂರ್ತಿಯಾಗುವವರೆಗೆ ಔಷಧ ಕೊಡತಕ್ಕದ್ದಲ್ಲ. ಊರ ಹೊರಗೆ ಜೋಳದ ಕಣಿಕೆಯ ಗುಡಿಸಲುಗಳಿದ್ದವು. ಅವಕ್ಕೆ ಗೋಡೆಯೇ ಇಲ್ಲ. ಅಲ್ಲಿಗೆ ಏನು ಮಾಡಬೇಕೆಂದು ಸುಮಿತ್ರಾಬಾಯಿ ಕೇಳಿದಳು. ಗೋಡೆ ಇಲ್ಲದ ಮನೆ ಲೆಕ್ಕಕ್ಕೆ ಬರುವುದಿಲ್ಲ ಎಂದು ಉತ್ತರ ಬಂತು.

ಸಿಂದಗಿಯಲ್ಲಿ ಹುಟ್ಟಿ, ಬಿಜಾಪುರದಲ್ಲಿ ಹೆರಿಗೆ ಕೆಲಸ ಕಲಿತು ಬಂದ ಹೆಣ್ಣುಮಗಳು ಬಣ್ಣದ ಡಬ್ಬಿ, ಬ್ರಶ್ಶು, ಅಳೆಯುವ ಕೋಲು ಹಿಡಿದು ಓಣಿ ಓಣಿ ತಿರುಗಿದಳು. ಬೆಳ್ಳನೆಯ ಸೀರೆಯ ತುಂಬ ನೀಲಿ ಕಲೆ. ಶಂಕ್ರೆವ್ವನ ಮನೆಗೆ ಬಂದ ದಿನ ಕಸ್ತೂರೆವ್ವ ರವಿಕೆಯ ತೋಳು ಮೇಲೇರಿಸಿಕೊಂಡೇ ಹೊರಗೆ ಬಂದಳು.

"ಬಾಯಾರ, ಎರಡನೇ ಸೂಜಿ ಇವತ್ತೇನ್ರಿ? ತಿಂಗಳ ಮ್ಯಾಲೆ ಹತ್ತು ದಿನ ಆತ್ರಿ."

"ಗೊತ್ತೈತಿ ತಂಗಿ. ಬಣ್ಣ ಕೊಟ್ಟು ಕಳಿಸ್ಯಾರ, ಔಷಧ ಕೊಟ್ಟಿಲ್ಲ." ಸುಮಿತ್ರಾಬಾಯಿ ಕೋಲು ಹಚ್ಚಿ ಐದು ಅಡಿ ಅಳೆದಳು. "ಮಂದೀಗಿ ಸೂಜಿ ಮಾಡಾಕ ಕಲತಾಕಿ ನಾ. ಈಗ ಗ್ವಾಡಿಗಿ ಮಾಡಾಕತ್ತೇನಿ."

ಬರೆದು ಮುಗಿಸಿ ಅವಳು ಶಂಕ್ರೆವ್ವನನ್ನು ಕರೆದಳು. "ಯವ್ವಾ, ಒಂದು ಮಾತು ಕೇಳ್ರಿ. ಸಂತಿ ದಿನ ಸೊಸೀನ ಕರ್ಕೊಂಡು ತಾಲೂಕಿನ ದೊಡ್ಡ ದವಾಖಾನಿಗಿ ಹೋಗ್ರಿ. ಅಲ್ಲಿ ಸೂಜಿ ಸಿಗತೈತಿ. ನಾ ಚೀಟಿ ಬರದು ಕೊಡ್ತೇನಿ. ತಡಾ ಮಾಡಬ್ಯಾಡ್ರಿ, ಹಡಿಯೂದಕ್ಕ ಮೂರು ವಾರ ಮೊದಲ ಆಗಬೇಕದು."

"ಗ್ವಾಡಿಗಿ ಬರದೀರಲ್ಲ ಬಾಯಾರ, ಇನ್ನ ಸೂಜಿ ಯಾಕ? ಅಷ್ಟು ದೊಡ್ಡ ಸಾಹೇಬ್ರೂ ಗ್ವಾಡಿ ನೋಡೇ ಹೇಳ್ತಾರ."

"ಬರದದ್ದು ಸಾಹೇಬ್ರಿಗಿ ಯವ್ವಾ. ಸೂಜಿ ಕೂಸಿಗಿ."

ಚೀಟಿ ಕೊಟ್ಟು ಅವಳು ಮುಂದಿನ ಮನೆಗೆ ಹೋದಳು. ಶಂಕ್ರೆವ್ವ ಅದನ್ನು ಜಂತೆಯ ಸಂದಿಗೆ ಸಿಕ್ಕಿಸಿದಳು. ಅವತ್ತಿನಿಂದ ಅವಳಿಗೆ ಆ ಗೋಡೆಯದೇ ಕಾವಲು. ಕೋಳಿ ಹಾರಿದರೂ ಓಡಿಬಂದು ಬರಹ ಅಳಿಸಿತೇನೋ ಎಂದು ನೋಡುತ್ತಿದ್ದಳು. ಒಮ್ಮೆ ಸಾಹೇಬರ ಮುಂದೆ ತನ್ನ ಮಾತು ಸುಳ್ಳಾಗಿತ್ತು, ಮತ್ತೆ ಆಗಬಾರದು.

ಸಂತೆಯ ದಿನ ಬಂತು. ಕಸ್ತೂರೆವ್ವ ಸೀರೆ ಬದಲಿಸಿ ನಿಂತಳು. ಗಂಡ ಮಡಿವಾಳಪ್ಪ ಕೂರಿಗೆ ಕಟ್ಟುತ್ತಿದ್ದ. "ಹಸಿ ಆರಾಕತ್ತೈತಿ. ಇವತ್ತ ಜ್ವಾಳ ಬಿತ್ತಲಿಲ್ಲಂದ್ರ ಮುಗೀತು. ಅವ್ವನ ಕೇಳು."

ಅತ್ತೆ ತಲೆ ಅಲ್ಲಾಡಿಸಿದಳು. "ತುಂಬಿದ ಬಸರಿ, ಆ ಮೋಟಾರದಾಗ ಕುಲಕಾಡಿಸಿಕೊಂಡು ಹೋಗ್ತೀಯೇನು? ನಾ ಐದು ಹಡದೇನಿ. ಒಂದು ಸೂಜಿ ಕಂಡಿಲ್ಲ."

"ಐದರಾಗ ಉಳದಾವು ಎಷ್ಟಕ್ಕ?" ಕಟ್ಟೆಯಿಂದ ಮಾಬುಬಿ ಕೇಳಿದಳು. ಅವಳ ಮಗಳು ಮುದ್ದೇಬಿಹಾಳದಲ್ಲಿ ಎರಡೂ ಸೂಜಿ ಮಾಡಿಸಿಕೊಂಡು ಹಡೆದಿದ್ದಳು.

ಶಂಕ್ರೆವ್ವ ಬೆರಳು ಮಡಿಚಿ ಎಣಿಸಿದಳು. "ಮೂರು. ಎರಡಕ್ಕ ಎಂಟನೇ ದಿನ ಗಾಳಿ ಬಡೀತು. ಗಾಳಿಗಿ ಸೂಜಿ ಏನ್ ಮಾಡತೈತಿ, ಮಾಬು?"

ಕಸ್ತೂರೆವ್ವ ಉಟ್ಟ ಸೀರೆ ಮತ್ತೆ ಮಡಿಚಿಟ್ಟಳು. ಮುಂದಿನ ಸಂತೆಗೂ ಹೋಗುವುದಾಗಲಿಲ್ಲ.

ಕಾರ್ತಿಕದಲ್ಲಿ ಅವಳು ಗಂಡು ಹಡೆದಳು. ಸೂಲಗಿತ್ತಿ ಗುಂಡವ್ವ ಬೆಳೆ ಕೊಯ್ಯುವ ಕುಡುಗೋಲನ್ನು ಸೆರಗಿಗೆ ಒರೆಸಿ ಹೊಕ್ಕಳ ಬಳ್ಳಿ ಕೊಯ್ದಳು. ಗಾಯದ ಮೇಲೆ ಸಗಣಿಯ ಕುಳ್ಳಿನ ಬೂದಿ ಒತ್ತಿದಳು. ಗುಂಡವ್ವನ ಅವ್ವನೂ ಹಾಗೆಯೇ ಮಾಡುತ್ತಿದ್ದಳು. ಕೂಸು ಐದು ದಿನ ಚೆನ್ನಾಗಿ ಮೊಲೆ ಉಂಡಿತು. ಮಡಿವಾಳಪ್ಪ ಊರಿಗೆಲ್ಲ ಬೆಲ್ಲ ಹಂಚಿದ.

ಆರನೆಯ ದಿನ ಕೂಸು ಮೊಲೆ ಬಿಟ್ಟಿತು. ಏಳನೆಯ ದಿನ ಬಾಯಿ ತೆರೆಯಲಿಲ್ಲ. ಎಂಟನೆಯ ದಿನ ಬೆಳಿಗ್ಗೆ ಶಂಕ್ರೆವ್ವ ಎಳೆಯ ಗದ್ದ ಮುಟ್ಟಿ ನೋಡಿದಳು. ಮರದ ಹಾಗೆ ಬಿಗಿದಿತ್ತು. ಮುಟ್ಟಿದ್ದಕ್ಕೇ ಕೂಸಿನ ಮೈ ಸೆಟೆದು ಬಿಲ್ಲಿನಂತೆ ಹಿಂದಕ್ಕೆ ಬಾಗಿತು. ಶಂಕ್ರೆವ್ವನ ಕೈ ಅಲ್ಲೇ ನಿಂತಿತು. ಈ ಬಿಗಿತ ಅವಳ ಕೈಗೆ ಹೊಸದಲ್ಲ. ಮೂವತ್ತು ವರ್ಷದ ಹಿಂದೆ ಎರಡು ಸಲ ಮುಟ್ಟಿದ್ದಳು.

ಅದೇ ಹೊತ್ತಿಗೆ ಹೊರಗೆ ಜೀಪು ಹಾರ್ನ್ ಹೊಡೆಯಿತು. ಆ ಸಪ್ಪಳಕ್ಕೆ ಕೂಸು ಮತ್ತೊಮ್ಮೆ ಸೆಟೆಯಿತು.

ಸಾಹೇಬರು ಇಳಿದರು, ಅವರ ಹಿಂದೆ ಸುಮಿತ್ರಾಬಾಯಿ. ಬಾಗಿಲಿನ ಎಡಗಡೆ ನೋಡಿದರು. ತಾರೀಖು ಇತ್ತು, ಗೀಟು ಇತ್ತು, ಸಹಿ ಇತ್ತು. ಕೋಲು ಹಚ್ಚಿಸಿ ಅಳೆಸಿದರು. ಐದು ಅಡಿ. "ಸರಿಯಾಗಿದೆ. ಈ ಊರು ಪೂರ್ತಿ ಸರಿಯಾಗಿದೆ," ಎಂದು ಹಾಳೆಯಲ್ಲಿ ಬರೆದರು.

ಬಾಣಂತಿಯಿರುವ ಮನೆಯಲ್ಲಿ ಕೂಸಿನ ದನಿಯಿಲ್ಲ. ಸುಮಿತ್ರಾಬಾಯಿಗೆ ಅದು ತಿಳಿಯಿತು. ಸಾಹೇಬರ ಮಾತು ಮುಗಿಯುವ ಮೊದಲೇ ಅವಳು ಒಳಗೆ ಓಡಿದಳು. ಹೊರಗೆ ಬಂದಾಗ ಕೂಸು ಅವಳ ಕೈಯಲ್ಲಿತ್ತು.

"ಧನುರ್ವಾಯು ಐತ್ರಿ ಸರ್. ಬಿಜಾಪುರಕ್ಕ ಒಯ್ಯಬೇಕು. ಈಗಿಂದೀಗ."

ಜೀಪಿಗೆ ರೋಗಿಗಳನ್ನು ಹತ್ತಿಸುವಂತಿಲ್ಲ ಎಂಬುದೂ ಒಂದು ನಿಯಮ. ಸಾಹೇಬರು ಕೂಸನ್ನು ನೋಡಿದರು, ಹಾಳೆಯನ್ನು ನೋಡಿದರು. "ಹತ್ತಿ," ಎಂದರು. ಕಸ್ತೂರೆವ್ವನೂ ಸುಮಿತ್ರಾಬಾಯಿಯೂ ಕೂಸಿನೊಂದಿಗೆ ಹತ್ತಿದರು.

ದಾರಿಯಲ್ಲಿ ಮುಳವಾಡ ದಾಟುವ ಮೊದಲೇ ಕೂಸು ಕಸ್ತೂರೆವ್ವನ ತೊಡೆಯ ಮೇಲೆ ತೀರಿಕೊಂಡಿತು. ಜೀಪು ತಿರುಗಿ ಊರಿಗೆ ಬಂತು.

ಮಣ್ಣು ಮಾಡಿ ಬಂದ ಮೇಲೆ ಶಂಕ್ರೆವ್ವ ಗೋಡೆಗೆ ಎದುರಾಗಿ ಕೂತಳು. "ಬಾಯಾರ, ನಾ ಆ ಬರಹ ಅಳಿಸಿದ್ದಕ್ಕ ಹಿಂಗಾತೇನು?"

ಸುಮಿತ್ರಾಬಾಯಿ ಅವಳ ಪಕ್ಕದಲ್ಲೇ ನೆಲದ ಮೇಲೆ ಕೂತಳು. "ಇಲ್ಲ ಯವ್ವಾ. ಹಬ್ಬಕ್ಕ ಸುಣ್ಣ ಹಚ್ಚೂದು ತಪ್ಪಲ್ಲ. ಇದು ಗಾಳಿ ಅಲ್ಲ. ಮಣ್ಣಾಗ, ಸಗಣ್ಯಾಗ, ತುಕ್ಕು ಕುಡಗೋಲದಾಗ ಇರೂ ವಿಷ ಹೊಕ್ಕಳದಿಂದ ಒಳಗ ಹೋಗತೈತಿ. ತಾಯಿಗಿ ಎರಡು ಸೂಜಿ ಆದ್ರ ಕೂಸಿಗೂ ಅದರ ಕಾವಲು ಸಿಗತೈತಿ. ಒಂದು ಸೂಜಿ ಸಾಲಂಗಿಲ್ಲ."

ಸ್ವಲ್ಪ ತಡೆದು ಮತ್ತೆ ಹೇಳಿದಳು: "ನಂದೂ ತಪ್ಪೈತಿ. ಬ್ರಶ್ಶು ಒಗದು, ಇಕೀನ ನಾನೇ ಕರ್ಕೊಂಡು ಹೋಗಬೇಕಿತ್ತು. ನೌಕರಿಗಿ ಅಂಜಿದೆ."

ಶಂಕ್ರೆವ್ವ ಅವಳನ್ನು ಬೈಯಲಿಲ್ಲ. "ನಿನ್ನ ಸಾಹೇಬ ಅಂಜ್ಯಾನ, ನೀ ಅಂಜೀದಿ, ನಾ ಅಂಜೇನಿ. ಎಲ್ಲಾರೂ ಕೂಡಿ ಒಂದು ಗ್ವಾಡಿಗಿ ಅಂಜಿ ಸತ್ತಿವಿ," ಎಂದಳು. ಎದ್ದು ಒಳಗೆ ಹೋಗಿ ಜಂತೆಯ ಸಂದಿಯ ಚೀಟಿ ತೆಗೆದಳು. ಓದಲು ಬರದ ಆ ಚೀಟಿಯನ್ನು ಬಹಳ ಹೊತ್ತು ಹಿಡಿದುಕೊಂಡಿದ್ದಳು.

ಹದಿನೈದು ದಿನದ ಮೇಲೆ ಅವಳೂ ಮಾಬುಬಿಯೂ ಸಾಲೆಯ ಸಿದ್ರಾಮ ಮಾಸ್ತರರ ಹತ್ತಿರ ಹೋಗಿ ಅರ್ಜಿ ಬರೆಸಿದರು. ನರ್ಸಬಾಯಿಯ ಕೈಗೆ ಬಣ್ಣದ ಡಬ್ಬಿ ಬೇಡ, ಔಷಧ ಕೊಡಿರಿ. ಬಂದಳೋ ಇಲ್ಲವೋ ಎಂದು ಗೋಡೆಯನ್ನು ಕೇಳಬೇಡಿರಿ, ನಮ್ಮನ್ನು ಕೇಳಿರಿ. ಗುಡಿಸಲಿನಲ್ಲಿಯೂ ಬಸುರಿಯರಿದ್ದಾರೆ. ಇಪ್ಪತ್ತೆರಡು ಹೆಣ್ಣುಮಕ್ಕಳು ಹೆಬ್ಬೆಟ್ಟು ಒತ್ತಿದರು. ಗುಂಡವ್ವನೂ ಒತ್ತಿದಳು. ಆಮೇಲೆ ಅವಳು ಸುಮಿತ್ರಾಬಾಯಿಯ ಹತ್ತಿರ ಕೂತು, ಹೊಸ ಬ್ಲೇಡನ್ನು ಕುದಿಸಿ ಬಳ್ಳಿ ಕೊಯ್ಯುವುದನ್ನು ಕಲಿತಳು.

ಮರುವರ್ಷ ಕಸ್ತೂರೆವ್ವ ಮತ್ತೆ ಬಸುರಿಯಾದಳು. ಮೊದಲನೆಯ ಸೂಜಿಯಾದ ದಿನ ಶಂಕ್ರೆವ್ವ ಒಳಗೆ ಬೀಸುಕಲ್ಲಿನ ಪಕ್ಕದ ಗೋಡೆಗೆ ಕೆಮ್ಮಣ್ಣಿನಿಂದ ತಾನೇ ಒಂದು ಗೀಟು ಎಳೆದಳು. ಸಾಹೇಬರಿಗಲ್ಲ, ತನಗೆ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಎಣಿಸಿದಳು. ತಿಂಗಳು ತುಂಬಿದ ದಿನ ನರ್ಸು ಬರಲಿಲ್ಲ. ಬೇರೆ ಊರಿನಲ್ಲಿ ಗುರುತು ಹಾಕುವ ಪಾಳಿ ಇತ್ತು. ಶಂಕ್ರೆವ್ವ ದಾರಿ ಕಾಯಲಿಲ್ಲ.

"ಮಡಿವಾಳಪ್ಪ, ಬಂಡಿ ಕಟ್ಟು."

"ಅವ್ವಾ, ಇವತ್ತ ಹೊಲದಾಗ..."

"ಹೊಲ ನಾಳೆನೂ ಇರತೈತಿ. ಕಟ್ಟು."

ತಾಲೂಕಿನ ದವಾಖಾನೆಯಲ್ಲಿ ಎರಡನೆಯ ಸೂಜಿ ಆಯಿತು. ಅವಳು ಎರಡನೆಯ ಗೀಟು ಎಳೆದಳು. ಹೆಣ್ಣು ಕೂಸು ಹುಟ್ಟಿತು. ಗುಂಡವ್ವ ಸಾಬೂನು ಹಚ್ಚಿ ಕೈ ತೊಳೆದಳು. ಹೊಕ್ಕಳಿಗೆ ಬೂದಿ ಒತ್ತಲಿಲ್ಲ. ಎಂಟನೆಯ ದಿನ ಮನೆಯಲ್ಲಿ ಯಾರೂ ಉಣ್ಣಲಿಲ್ಲ. ಕೂಸು ಮಾತ್ರ ಉಂಡಿತು. ಒಂಬತ್ತನೆಯ ದಿನ ಎಲ್ಲರೂ ಉಂಡರು.

ಆ ಸಲದ ಹಬ್ಬಕ್ಕೂ ಶಂಕ್ರೆವ್ವ ಗೋಡೆಗೆ ಸುಣ್ಣ ಹಚ್ಚಿದ್ದಳು. ಜೀಪು ಬಂದಾಗ ಬಾಗಿಲಿನ ಎಡಗಡೆ ಏನೂ ಇರಲಿಲ್ಲ. ಸಾಹೇಬರು ಹಾಳೆ ತೆಗೆದರು.

"ಗ್ವಾಡ್ಯಾಗ ಏನ್ ಹುಡಕ್ತೀರಿ ಸಾಹೇಬ್ರ? ಚಪ್ಪಲಿ ಬಿಟ್ಟು ಒಳಗ ಬರ್ರಿ. ಕೂಸಿನ್ನ ನೋಡ್ರಿ."

ಸಾಹೇಬರು ಬಹಳ ಹೊತ್ತು ಹೊಸ್ತಿಲಿನಲ್ಲಿ ನಿಂತರು. ಆಮೇಲೆ ಬಗ್ಗಿ ಒಳಗೆ ಬಂದರು. ಬೀಸುಕಲ್ಲಿನ ಪಕ್ಕದ ಎರಡು ಗೀಟು ನೋಡಿದರು. ತೊಟ್ಟಿಲಲ್ಲಿ ಕೂಸು ಆಕಳಿಸಿತು. ಬಾಯಿ ಅಗಲವಾಗಿ ತೆರೆಯಿತು. ಅವರು ಹಾಳೆಯ ಹಿಂಬದಿಯಲ್ಲಿ, ಕಾಲಂ ಇಲ್ಲದ ಕಡೆ, ಏನೋ ಬರೆದುಕೊಂಡು ಹೋದರು. ಅರ್ಜಿಗೆ ಉತ್ತರ ಇನ್ನೂ ಬಂದಿಲ್ಲ. ಸುಮಿತ್ರಾಬಾಯಿ ಇವತ್ತಿಗೂ ಬಣ್ಣದ ಡಬ್ಬಿ ಹೊರುತ್ತಾಳೆ.

ಅಕ್ಕತಂಗಿಯರೇ, ಇದನ್ನು ಓದುವವರು ಓದಲು ಬಾರದವರಿಗೆ ಓದಿ ಹೇಳಿರಿ. ಮನೆಯಲ್ಲಿ ಬಸುರಿಯಿದ್ದರೆ ಆಕೆಗೆ ಧನುರ್ವಾಯುವಿನ ಎರಡು ಸೂಜಿ ಆಗಲೇಬೇಕು, ಒಂದರಿಂದ ಒಂದಕ್ಕೆ ಒಂದು ತಿಂಗಳು. ದಿನ ನೀವೇ ಎಣಿಸಿರಿ. ನರ್ಸು ಬರದಿದ್ದರೆ ನೀವೇ ಹೋಗಿರಿ. ಬಳ್ಳಿ ಕೊಯ್ಯಲು ಕುದಿಸಿದ ಹೊಸ ಬ್ಲೇಡು ಬೇಕು. ಹೊಕ್ಕಳಿಗೆ ಬೂದಿ, ಸಗಣಿ, ಮಣ್ಣು ಯಾವುದೂ ಬೇಡ. ಕೂಸು ಮೊಲೆ ಬಿಟ್ಟರೆ ಎಂಟನೆಯ ದಿನದ ದಾರಿ ನೋಡದೆ ಆಗಲೇ ದವಾಖಾನೆಗೆ ಒಯ್ಯಿರಿ. ನಿಮ್ಮ ನರ್ಸನ್ನು ಯಾವುದಾದರೂ ನಿಯಮ ಕಟ್ಟಿ ಹಾಕಿದ್ದರೆ ಅವಳನ್ನು ಬೈಯಬೇಡಿರಿ. ಕೂಡಿ ಹೋಗಿ, ಹೆಬ್ಬೆಟ್ಟು ಒತ್ತಿ, ಅದನ್ನು ಹಾಕಿದವರನ್ನು ಕೇಳಿರಿ.

ನಿಮ್ಮ ಓಣಿಯಲ್ಲಿ ಈಗ ಬಸುರಿಯರು ಎಷ್ಟು ಜನ? ಗುಡಿಸಲುಗಳನ್ನೂ ಸೇರಿಸಿ ಎಣಿಸಿರಿ. ಅವರಲ್ಲಿ ಎರಡನೆಯ ಸೂಜಿ ಆಗದವಳು ಯಾರು? ಇವತ್ತೇ ಅವಳ ಬಾಗಿಲಿಗೆ ಹೋಗಿ, ಗೋಡೆ ನೋಡದೆ, ಅವಳನ್ನೇ ಕೇಳಿರಿ.